ಚಿಕ್ಕ ಕ್ಲಾಸಿನ ಟೀಚರ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಇಪ್ಪತ್ತೊಂದು ವರ್ಷ ಪಾಠ ಮಾಡಿದ್ದೇನೆ. ತರಬೇತಿಯಲ್ಲಿ ಊಟದ ಸಾಲಲ್ಲಿ ನಿಂತಾಗ, ದಾವಣಗೆರೆ ಬಸ್ಸಿನಲ್ಲಿ ಪಕ್ಕ ಕೂತಾಗ, ರಾತ್ರಿ ಹತ್ತರ ಮೇಲೆ ವಾಟ್ಸಪ್‌ನಲ್ಲಿ ಹೊಸ ಟೀಚರ್‌ಗಳು ಕೇಳುವುದು ಹೆಚ್ಚುಕಡಿಮೆ ಇವನ್ನೇ. ಕೇಳಿದವರ ಮಾತಿನಲ್ಲೇ ಹಾಕಿದ್ದೇನೆ. ಪೂರ್ತಿ ಓದಬೇಕಂತೇನಿಲ್ಲ. ನಿಮಗೆ ಈಗ ಎಲ್ಲಿ ಕಷ್ಟವಾಗುತ್ತಿದೆಯೋ ಅಲ್ಲಿಂದ ಓದಿ.

## ಶುರುವಿನ ದಿನಗಳು

"ಮೇಡಂ, ಒಂದನೇ ಕ್ಲಾಸಿನವು ಮೊದಲ ವಾರ ಅಳ್ತಾನೇ ಇರ್ತವೆ. ಸಮಾಧಾನ ಮಾಡೋದೇ ಆಗುತ್ತೆ, ಪಾಠ ಯಾವಾಗ?"

ಮೊದಲ ವಾರ ಪಾಠ ಬೇಡ. ಅಳುವ ಮಗುವಿನ ಕೈಗೆ ಒಂದು ಕೆಲಸ ಕೊಡಿ. ಒಂದು ತಟ್ಟೆಯಲ್ಲಿ ಸಿಪ್ಪೆ ಇರುವ ಶೇಂಗಾಕಾಯಿ, ಹೊಂಗೆಕಾಯಿ, ಬಾಟಲಿ ಮುಚ್ಚಳ ಎಲ್ಲ ಕಲಸಿಟ್ಟು, "ಇದನ್ನ ಬೇರೆ ಬೇರೆ ಮಾಡಿಕೊಡ್ತೀಯಾ, ನನಗೆ ಕಣ್ಣು ಸರಿಯಾಗಿ ಕಾಣಲ್ಲ" ಅನ್ನಿ. ಸ್ವಲ್ಪ ಹೊತ್ತಿಗೆ ಮೂಗು ಒರೆಸಿಕೊಂಡು ಕೂತು ಆರಿಸುತ್ತದೆ. ಲೆಕ್ಕದ ಮೊದಲ ಪಾಠ ಅದೇ. ಬಟಾಣಿ, ಕಡಲೆಯಂಥ ಸಣ್ಣ ಕಾಳು ಮಾತ್ರ ಬೇಡ. ಮೂಗಿಗೆ ಏರಿಸಿಕೊಂಡ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವಳು ನಾನು.

ಇನ್ನೊಂದು ಮಾತು. ಮನೆಯಲ್ಲಿ ಏನಂತ ಕರೀತಾರೆ ಅಂತ ಅವ್ವನನ್ನು ಕೇಳಿ ಬರೆದಿಟ್ಟುಕೊಳ್ಳಿ. ರಿಜಿಸ್ಟರ್‌ನಲ್ಲಿರುವ ಉದ್ದದ ಹೆಸರು ತನ್ನದು ಅಂತ ಎಷ್ಟೋ ಮಕ್ಕಳಿಗೆ ಗೊತ್ತೇ ಇರುವುದಿಲ್ಲ. ಕರೆದರೂ ತಿರುಗಿ ನೋಡುವುದಿಲ್ಲ. ನಾವು ಕಿವಿ ಮಂದ ಅಂದುಕೊಳ್ಳುತ್ತೇವೆ.

"ಚಟುವಟಿಕೆ ಅಂದ್ರೆ ಚಾರ್ಟು, ಸ್ಕೆಚ್ ಪೆನ್ನು, ಗಮ್ಮು. ಸಂಬಳದಲ್ಲಿ ಎಷ್ಟು ಅಂತ ಹಾಕೋದು?"

ನಾನೂ ಹೊಸದರಲ್ಲಿ ಬಣ್ಣದ ಕಾರ್ಡು ಮಾಡಿ ಲ್ಯಾಮಿನೇಶನ್ ಮಾಡಿಸಿದ್ದೆ. ಹಾಳಾಗಬಾರದು ಅಂತ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಯಾರಾದರೂ ಅಧಿಕಾರಿ ಬಂದ ದಿನ ಮಾತ್ರ ಅವು ಹೊರಗೆ ಬರುತ್ತಿದ್ದವು. ಮಕ್ಕಳ ಕೈಗೆ ಸಿಗದ ಮೇಲೆ ಇದ್ದರೆಷ್ಟು ಬಿಟ್ಟರೆಷ್ಟು?

ಈಗ ನನ್ನ ಹತ್ತಿರ ಎರಡು ಎಣ್ಣೆ ಡಬ್ಬ ಇವೆ. ಹುಣಸೆ ಬೀಜ, ಪೊರಕೆ ಕಡ್ಡಿ, ರಬ್ಬರ್ ಬ್ಯಾಂಡು, ಮುಚ್ಚಳ, ನೂಲಿನ ಉಂಡೆ, ಬಟ್ಟೆ ಕ್ಲಿಪ್ಪು, ಅಷ್ಟೇ. ಎಲ್ಲಕ್ಕಿಂತ ದೊಡ್ಡ ಆಸ್ತಿ ಅಂದರೆ ಮದುವೆ ಪತ್ರಿಕೆ. ಬೇಸಿಗೆ ಮುಗಿಯುವ ಹೊತ್ತಿಗೆ ಮನೆಮನೆಯಲ್ಲೂ ಒಂದು ಕಟ್ಟು ಇರುತ್ತದೆ, ಮಕ್ಕಳಿಗೆ ಹೇಳಿದರೆ ಜೂನ್‌ನಲ್ಲಿ ರಾಶಿ ಹಾಕುತ್ತಾರೆ. ಗಟ್ಟಿ ಕಾಗದ, ಹಿಂದೆ ಖಾಲಿ ಜಾಗ, ಕತ್ತರಿಸಿದರೆ ಕಾರ್ಡು. ಕತ್ತರಿಸುವ ಮುಂಚೆ ನಾಲ್ಕನೇ ಕ್ಲಾಸಿನವರಿಗೆ ಕೊಟ್ಟು ದಿನಾಂಕ, ವಾರ, ಊರು, ಮದುಮಗನ ಅಜ್ಜನ ಹೆಸರು ಹುಡುಕಲು ಹೇಳಿ. ಓದುವ ಪಾಠ ಬಿಟ್ಟಿಯಾಗಿ ಸಿಕ್ಕಿತು.

"ಗುಂಪು ಮಾಡಿದ ತಕ್ಷಣ ಸಂತೆ ಆಗುತ್ತೆ. ಪಕ್ಕದ ರೂಮಿನವರು ಬಂದು ನೋಡಿ ಹೋಗ್ತಾರೆ. ಗಲಾಟೆ ನಿಲ್ಸೋದು ಹೇಗೆ?"

ಕೆಲಸದ ಗದ್ದಲ ಬೇರೆ, ಕೆಲಸ ಇಲ್ಲದ ಗದ್ದಲ ಬೇರೆ. ಎರಡು ದಿನ ಕಿವಿಗೊಟ್ಟರೆ ನಿಮಗೇ ವ್ಯತ್ಯಾಸ ಗೊತ್ತಾಗುತ್ತದೆ. ಮೊದಲನೆಯದನ್ನು ಬಿಟ್ಟುಬಿಡಿ. ಎರಡನೆಯದು ಶುರುವಾದರೆ ಚಟುವಟಿಕೆ ತೀರಾ ಸುಲಭವಾಗಿದೆ, ಇಲ್ಲಾ ತೀರಾ ಕಷ್ಟವಾಗಿದೆ ಅಂತ ಅರ್ಥ.

ಎಲ್ಲರೂ ನಿಮ್ಮ ಕಡೆ ತಿರುಗಬೇಕಾದಾಗ "ಸೈಲೆನ್ಸ್" ಅಂತ ಕೂಗಿ ಗಂಟಲು ಕೆಡಿಸಿಕೊಳ್ಳಬೇಡಿ. ಜೋಡಿ ಮಾತು ಇಟ್ಟುಕೊಳ್ಳಿ. ನಾನು "ಬೆಣ್ಣೆ" ಅಂದರೆ ಅವರು "ದೋಸೆ" ಅಂದು ಕೈಕಟ್ಟಬೇಕು. "ಒನಕೆ" ಅಂದರೆ "ಓಬವ್ವ". "ಏಳು ಸುತ್ತಿನ" ಅಂದರೆ "ಕೋಟೆ". ಹದಿನೈದು ದಿನಕ್ಕೊಮ್ಮೆ ಮಾತು ಬದಲಾಯಿಸಿ, ಹಳೆಯದಕ್ಕೆ ಕಿವಿ ಮರಗಟ್ಟುತ್ತದೆ. ಹೊಸ ಜೋಡಿಯನ್ನು ಮಕ್ಕಳೇ ಹುಡುಕಿ ತರಲಿ.

## ಓದು, ಬರಹ

"ನಲಿ-ಕಲಿಯಲ್ಲಿ ಅ ಆ ಇ ಈ ಬಿಟ್ಟು ರ ಗ ಸ ದ ಅಂತ ಯಾಕೆ ಶುರು? ನನಗೇ ಸರಿ ಅನ್ಸಲ್ಲ, ತಂದೆತಾಯಿಗೆ ಏನು ಹೇಳ್ಲಿ?"

ನಲಿ-ಕಲಿ, ಅಂದರೆ ಚಿಕ್ಕ ಕ್ಲಾಸಿನ ಮಕ್ಕಳು ಚಟುವಟಿಕೆಯಿಂದ ಕಲಿಯುವ ಪದ್ಧತಿ, 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಯಿತು. 2009-10ರಿಂದ ರಾಜ್ಯದ ಎಲ್ಲಾ ಕಡೆ ಬಂತು. ಅಕ್ಷರದ ಕ್ರಮ ಬದಲಾದದ್ದಕ್ಕೆ ಕಾರಣ ತುಂಬಾ ಸರಳ. ಅ ಆ ಇ ಈ ನಾಲ್ಕೂ ಕಲಿತ ಮಗು ಏನು ಓದಬಲ್ಲದು? "ಆ", "ಈ". ಅಲ್ಲಿಗೆ ಮುಗಿಯಿತು. ರ ಗ ಸ ದ ಅ ಕಲಿತ ಮಗು ಸರ, ರಸ, ಅರಸ, ಅಗಸ, ದಸರ, ಗರಗಸ ಎಲ್ಲಾ ಓದುತ್ತದೆ, ಅದೂ ಮೊದಲ ತಿಂಗಳಲ್ಲೇ. ಮುಂದಿನ ಗುಂಪು ಜ ವ ಮ ಬ ನ ಬಂದರೆ ಮರ, ದನ, ಜನ, ಬಸವ. "ಅವನ ಮಗ ಬಸವ" ಅಂತ ಪೂರ್ತಿ ವಾಕ್ಯವೇ ಆಯಿತು, ಒಂದು ಗುಣಿತವೂ ಬೇಕಾಗಲಿಲ್ಲ.

ತಂದೆತಾಯಿಗೆ ಇದನ್ನು ಬಾಯಲ್ಲಿ ಹೇಳಿದರೆ ತಲೆ ಆಡಿಸುತ್ತಾರೆ, ನಂಬುವುದಿಲ್ಲ. ಮಗುವಿನ ಕೈಯಲ್ಲಿ "ಗರಗಸ" ಓದಿಸಿ ತೋರಿಸಿ.

ಚಟುವಟಿಕೆ ಹೀಗೆ. ಕಲಿತ ಅಕ್ಷರಗಳನ್ನು ಮುಚ್ಚಳಗಳ ಮೇಲೆ ಬರೆದು, ಒಂದೊಂದಕ್ಕೆ ನಾಲ್ಕು ಮಾಡಿ, ನಾಲ್ಕು ಮಕ್ಕಳ ನಡುವೆ ಸುರಿಯಿರಿ. ಹತ್ತು ನಿಮಿಷದಲ್ಲಿ ಎಷ್ಟು ಪದ? "ಗದಸ", "ರದಗ" ಅಂತ ಅರ್ಥ ಇಲ್ಲದ್ದನ್ನೂ ಜೋಡಿಸುತ್ತಾರೆ. ಬೈಯಬೇಡಿ, ಓದಿಸಿ. ಅರ್ಥ ಇಲ್ಲದ್ದನ್ನು ಓದುವ ಮಗು ಅಕ್ಷರ ನೋಡಿಯೇ ಓದುತ್ತಿದೆ, ಬಾಯಿಪಾಠ ಒಪ್ಪಿಸುತ್ತಿಲ್ಲ ಅಂತ ಖಾತ್ರಿ. ವರ್ಣಮಾಲೆ ಹಾಡಾಗಿ ಜೊತೆಗೆ ನಡೆಯಲಿ, ತೊಂದರೆ ಇಲ್ಲ.

"ಮೂರನೇ ಕ್ಲಾಸಿಗೆ ಬಂದ್ರೂ ಒತ್ತಕ್ಷರ ಬರಲ್ಲ. ಕಾಪಿ ಬರೆಸಿ ಬರೆಸಿ ಸಾಕಾಯ್ತು."

ಕಾಪಿ ಬರೆಸುವುದು ನಿಲ್ಲಿಸಿ. ನಮ್ಮ ಎರಡು ಜಿಲ್ಲೆಯ ಊರ ಹೆಸರುಗಳೇ ಒಳ್ಳೆಯ ಏಣಿ. ಮಕ್ಕಳು ಬಸ್ಸಿನ ಬೋರ್ಡ್ ಮೇಲೆ ದಿನಾ ನೋಡಿರುತ್ತಾರೆ.

ಮೊದಲು ಒತ್ತೇ ಇಲ್ಲದವು: ಹರಿಹರ, ಜಗಳೂರು, ಹಿರಿಯೂರು, ದಾವಣಗೆರೆ. ಆಮೇಲೆ ಅದೇ ಅಕ್ಷರದ ಒತ್ತು: ಹೊನ್ನಾಳಿ, ಚನ್ನಗಿರಿ, ಚಳ್ಳಕೆರೆ. ಆಮೇಲೆ ಬೇರೆ ಅಕ್ಷರದ ಒತ್ತು: ನ್ಯಾಮತಿ, ಹೊಳಲ್ಕೆರೆ, ಮೊಳಕಾಲ್ಮುರು. ಕೊನೆಗೆ ನಮ್ಮ ಊರು, ಚಿತ್ರದುರ್ಗ. ಇದರಲ್ಲಿ ಮಜಾ ಇದೆ. "ತ್ರ"ದಲ್ಲಿ ರ ಆಮೇಲೆ ಬರುತ್ತದೆ, "ರ್ಗ"ದಲ್ಲಿ ಮೊದಲು ಬರುತ್ತದೆ, ಆದರೆ ಬರೆಯುವಾಗ ಅರ್ಕಾವೊತ್ತನ್ನು ಗ ಆದ ಮೇಲೆ ಹಾಕುತ್ತೇವೆ. ಬಾಯಲ್ಲಿ ಮೊದಲು, ಕೈಯಲ್ಲಿ ಆಮೇಲೆ. ಮಕ್ಕಳಿಗೆ ಇದನ್ನು ನೀವು ಹೇಳಬೇಡಿ. "ದುರ್ಗ"ವನ್ನು ನಿಧಾನವಾಗಿ ಎಳೆದು ಹೇಳಿಸಿ, ಯಾವುದು ಮೊದಲು ಕೇಳಿಸಿತು ಅಂತ ಕೇಳಿ. ಯಾರೋ ಒಬ್ಬ ಹುಡುಗ "ಮಿಸ್, ಬರೆಯೋದು ಉಲ್ಟಾ ಇದೆ" ಅನ್ನುತ್ತಾನೆ. ಅಲ್ಲಿಂದ ಮುಂದೆ ಸೂರ್ಯ, ಕರ್ನಾಟಕ, ಅರ್ಧ ಎಲ್ಲ ಅವನೇ ಸರಿ ಮಾಡಿಕೊಳ್ಳುತ್ತಾನೆ.

ಆಟ ಬೇಕಾದರೆ ನಾಲ್ಕು ಮಕ್ಕಳು ಬಸ್ಸು, ಕೊರಳಿಗೆ ಊರಿನ ಬೋರ್ಡು. ಮಿಕ್ಕವರ ಕೈಯಲ್ಲಿ ಟಿಕೆಟ್ಟು. ತಪ್ಪು ಬಸ್ ಹತ್ತಿದವರು ಇಳಿದು ನಡೆಯಬೇಕು.

"ಹಾಲು ಅನ್ನೋದನ್ನ ಆಲು ಅಂತ ಬರೀತಾರೆ. ಮಹಾಪ್ರಾಣ ಅಂತೂ ಇಲ್ಲವೇ ಇಲ್ಲ."

ಮನೆಯಲ್ಲಿ ಆಡುವುದನ್ನೇ ಬರೆಯುತ್ತಾರೆ, ಅದರಲ್ಲಿ ತಪ್ಪೇನು? ಮನೆ ಮಾತನ್ನು ಆಡಿಕೊಂಡು ನಗಬೇಡಿ, ನಕ್ಕರೆ ಮಗು ಬಾಯಿ ಬಿಡುವುದೇ ನಿಲ್ಲಿಸುತ್ತದೆ. ತೆಳ್ಳಗಿನ ಕಾಗದದ ಚೂರನ್ನು ತುಟಿಯ ಮುಂದೆ ಹಿಡಿದು ಆಡು, ಹಾಡು ಅಂತ ಹೇಳಿಸಿ. ಆಮೇಲೆ ಆರು, ಹಾರು. ಅಳೆ, ಹಳೆ. ಹ ಬಂದಾಗ ಉಸಿರು ತಗುಲಿ ಕಾಗದ ಅಲ್ಲಾಡುತ್ತದೆ. ಬ ಭ, ಕ ಖ ಜೋಡಿಗೂ ಇದೇ. ಕಿವಿಗೆ ಸಿಗದ ವ್ಯತ್ಯಾಸ ಕಣ್ಣಿಗೆ ಸಿಗುತ್ತದೆ.

"ತಾಂಡಾದಿಂದ ಬರೋ ಮಕ್ಕಳು ಮಾತೇ ಆಡಲ್ಲ. ಗಡಿ ಕಡೆ ಆದ್ರೆ ತೆಲುಗು. ಎಲ್ಲಿಂದ ಹಿಡಿಯೋದು?"

ಅವರ ಮಾತಿಂದಲೇ ಹಿಡಿಯಿರಿ. ಒಂದು ನೋಟ್‌ಬುಕ್ಕಿನಲ್ಲಿ ಮಕ್ಕಳು ಚಿತ್ರ ಬರೆಯಲಿ. ಕೆಳಗೆ ಮನೆಯಲ್ಲಿ ಏನಂತಾರೆ, ಶಾಲೆಯಲ್ಲಿ ಏನಂತೀವಿ ಎರಡನ್ನೂ ಕನ್ನಡ ಅಕ್ಷರದಲ್ಲಿ ಬರೆಯಿರಿ. ಯಾಡಿ, ಅವ್ವ. ಪಾಣಿ, ನೀರು. ಚಳ್ಳಕೆರೆ, ಮೊಳಕಾಲ್ಮುರು ಕಡೆಯಾದರೆ ನೀಳ್ಳು, ನೀರು. ಲಂಬಾಣಿ ಪದ ನೀವು ತಪ್ಪಾಗಿ ಹೇಳುತ್ತೀರಿ, ಮಗು ನಿಮ್ಮನ್ನು ತಿದ್ದುತ್ತದೆ. ಮೂರು ವಾರ ಮಾತಾಡದ ಒಂದು ಹುಡುಗಿ ನನ್ನ ಹತ್ತಿರ ಮೊದಲು ಆಡಿದ ಮಾತೇ "ಹಂಗಲ್ಲ ಮಿಸ್" ಅಂತ.

"ನಾನೇ ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷ್ ಹೇಗೆ ಮಾಡ್ಲಿ?"

ಮಕ್ಕಳು ಈಗಾಗಲೇ ಆಡುವ ಇಂಗ್ಲಿಷ್ ಪದಗಳನ್ನು ಪಟ್ಟಿ ಮಾಡಿಸಿ: ಬಸ್ಸು, ಪೆನ್ನು, ಚಾರ್ಜರ್, ಗೇಟು, ಬ್ಯಾಟು. ನೂರು ದಾಟುತ್ತದೆ. ನಿಮ್ಮ ಹೆದರಿಕೆಯೂ ಅರ್ಧ ಇಳಿಯುತ್ತದೆ. ಆಮೇಲೆ ಬಿಸ್ಕತ್ತು, ಸೋಪಿನ ಹೊದಿಕೆ ತರಿಸಿ ಅಕ್ಷರ ಹುಡುಕಿಸಿ. ದಿನಾ ಐದು ನಿಮಿಷ "ಸ್ಟ್ಯಾಂಡ್", "ಜಂಪ್", "ಟಚ್ ಯುವರ್ ನೋಸ್" ಅಂತ ಮೈ ಕುಣಿಸುವ ಆಟ ಆಡಿಸಿ. ಆಜ್ಞೆ ಕೊಡುವ ಸರದಿ ಮಕ್ಕಳಿಗೂ ಬರಲಿ.

## ಲೆಕ್ಕ

"ನೂರೈದು ಬರಿ ಅಂದ್ರೆ 1005 ಬರೀತಾರೆ. ಎಷ್ಟು ಸಲ ಹೇಳಿದ್ರೂ ಅಷ್ಟೇ."

ಮಗು ನೂರು ಕೇಳಿತು, 100 ಬರೆಯಿತು. ಐದು ಕೇಳಿತು, 5 ಬರೆಯಿತು. ಅದರ ಪ್ರಕಾರ ಸರಿಯಾಗೇ ಇದೆ.

ಮದುವೆ ಪತ್ರಿಕೆ ಕತ್ತರಿಸಿ ಮೂರು ಅಳತೆಯ ಚೀಟಿ ಮಾಡಿ. ಉದ್ದದ್ದರಲ್ಲಿ 100, 200, 300. ಮಧ್ಯದ್ದರಲ್ಲಿ 10, 20, 30. ಚಿಕ್ಕದರಲ್ಲಿ 1ರಿಂದ 9. ನೂರರ ಚೀಟಿಯ ಕೊನೆಯ ಸೊನ್ನೆ ಮೇಲೆ 5ರ ಚೀಟಿ ಇಟ್ಟರೆ 105 ಕಾಣುತ್ತದೆ. ಎತ್ತಿದರೆ ಅಡಿಯಲ್ಲಿ 100 ಹಾಗೇ ಇದೆ. ಇಡುವುದು, ಎತ್ತುವುದು, ಮಗುವೇ ಮಾಡಲಿ. ಪಕ್ಕದಲ್ಲೇ ಪೊರಕೆ ಕಡ್ಡಿ ಇರಲಿ. ಹತ್ತಕ್ಕೆ ಒಂದು ರಬ್ಬರ್ ಬ್ಯಾಂಡು, ಹತ್ತು ಕಂತೆಗೆ ಒಂದು ರಿಬ್ಬನ್ನು. ಕಳೆಯುವಾಗ ಬಿಡಿ ಸಾಲದಿದ್ದರೆ ಒಂದು ಕಂತೆ ಬಿಚ್ಚಬೇಕು. "ಸಾಲ ತಗೊಳ್ಳೋದು" ಅಂತ ನಾವು ಬೋರ್ಡ್ ಮೇಲೆ ಒಂದು ಗೆರೆ ಹೊಡೆದು ತೋರಿಸುವುದು ಇದನ್ನೇ. ಕಂತೆ ಬಿಚ್ಚದ ಮಗುವಿಗೆ ಆ ಗೆರೆ ಏನಂತ ಗೊತ್ತಾಗಬೇಕು?

ನಾಲ್ಕನೇ ಕ್ಲಾಸಿಗೆ ಬಂದಾಗ ಊರಿನ ಲೆಕ್ಕ ಕೊಡಿ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರಲ್ಲಿ. ಎಷ್ಟು ವರ್ಷ ಕಾದೆವು? 2022ರಿಂದ 1933 ಕಳೆಯಲು ಕಂತೆ ಮೂರು ಕಡೆ ಬಿಚ್ಚಬೇಕು. ಉತ್ತರ 89 ಬಂದ ಮೇಲೆ, ನಿಮ್ಮ ಮುತ್ತಜ್ಜಿ ಆಗ ಎಷ್ಟು ದೊಡ್ಡವರಿದ್ದರು ಅಂತ ಕೇಳಿ ಬನ್ನಿ ಅಂದರೆ ಮನೆಯಲ್ಲೂ ಪಾಠ ಮುಂದುವರಿಯುತ್ತದೆ.

"ಮಗ್ಗಿ ಬಾಯಿಪಾಠ ಮಾಡಿಸಬೇಕಾ, ಬೇಡ್ವಾ? ಒಂದೊಂದು ತರಬೇತಿಯಲ್ಲಿ ಒಂದೊಂದು ಹೇಳ್ತಾರೆ."

ಮಾಡಿಸಿ. ಆದರೆ ಮೊದಲು ಕಣ್ಣಿಗೆ ಕಾಣಲಿ. ಬಿಸಿಯೂಟಕ್ಕೆ ಮೊಟ್ಟೆ ಬರುವ ಟ್ರೇ ಎಸೆಯಬೇಡಿ. ಐದು ಸಾಲು, ಸಾಲಿಗೆ ಆರು ಗುಂಡಿ, ಮೂವತ್ತು. ಟ್ರೇ ತಿರುಗಿಸಿ ಹಿಡಿದರೆ ಆರು ಸಾಲು, ಸಾಲಿಗೆ ಐದು. ಮೂವತ್ತೇ! ಅರ್ಧ ಮಗ್ಗಿ ಕಲಿತರೆ ಮಿಕ್ಕರ್ಧ ಬಂದ ಹಾಗೆ ಅಂತ ಅವರಿಗೇ ಹೊಳೆಯುತ್ತದೆ. ಗುಂಡಿಗೆ ಹುಣಸೆ ಬೀಜ ಹಾಕಿ 3×4, 4×5 ಮಾಡಿಸಿ. ಆಮೇಲೆ ಬಾಯಿಪಾಠ, ಸಂಜೆ ಸಾಲಾಗಿ ನಿಂತು ರಾಗವಾಗಿ, ನಾವು ಕಲಿತ ಹಾಗೆಯೇ.

"ಭಿನ್ನರಾಶಿಯಲ್ಲಿ ನಾಲ್ಕನೇ ಒಂದು ದೊಡ್ಡದು ಅಂತಾರೆ, ಯಾಕೆಂದ್ರೆ ಮೂರಕ್ಕಿಂತ ನಾಲ್ಕು ದೊಡ್ಡದಂತೆ!"

"ಒಂದು ರೊಟ್ಟಿನ ಮೂರು ಜನ ಹಂಚಿಕೊಂಡ್ರೆ ಜಾಸ್ತಿ ಸಿಗುತ್ತೋ, ನಾಲ್ಕು ಜನ ಹಂಚಿಕೊಂಡ್ರೋ?" ಇಷ್ಟೇ ಕೇಳಿ. ಅಣ್ಣತಮ್ಮ ಇರುವ ಯಾವ ಮಗುವೂ ತಪ್ಪು ಹೇಳುವುದಿಲ್ಲ. ಕಾಗದದ ರೊಟ್ಟಿ ಮಡಚುವುದು, ಬಣ್ಣ ಹಚ್ಚುವುದು ಆಮೇಲೆ.

"ಲೀಟರು, ಮಿಲಿಲೀಟರು ತಲೆಗೇ ಹೋಗಲ್ಲ."

ದಿನಾ ಕುಡಿಯುವ ಹಾಲು ಇದೆಯಲ್ಲ. ಕ್ಷೀರಭಾಗ್ಯದಲ್ಲಿ ಒಂದು ಮಗುವಿಗೆ 150 ಮಿಲಿಲೀಟರ್. ನಲವತ್ತು ಮಕ್ಕಳಿದ್ದರೆ ಸರಿಯಾಗಿ 6 ಲೀಟರ್. ಇವತ್ತು ಬಂದವರು 33 ಆದರೆ? 4950, ಅಂದರೆ 5 ಲೀಟರ್‌ಗೆ 50 ಕಡಿಮೆ. ಹಾಜರಿ ತೆಗೆದ ತಕ್ಷಣ ಐದನೇ ಕ್ಲಾಸಿನ ಇಬ್ಬರು ಲೆಕ್ಕ ಮಾಡಿ ಅಡುಗೆ ಅಕ್ಕನಿಗೆ ಚೀಟಿ ಕೊಟ್ಟು ಬರಲಿ. ತಪ್ಪಾದರೆ ಅಕ್ಕ ವಾಪಸ್ ಕಳಿಸುತ್ತಾರೆ, ನಮಗಿಂತ ಕಟ್ಟುನಿಟ್ಟು.

## ಗೋಡೆಯ ಆಚೆ

"ನಲಿ-ಕಲಿಯ ಹವಾಮಾನ ನಕ್ಷೆ ಬಿಟ್ಟು ಮಳೆ ಬಗ್ಗೆ ಏನು ಮಾಡಿಸಬಹುದು?"

ಮಳೆ ಅಳೆಯಿರಿ. ನೀರಿನ ಬಾಟಲಿಯ ಕುತ್ತಿಗೆ ಕತ್ತರಿಸಿ ತಲೆಕೆಳಗಾಗಿ ಅದರೊಳಗೇ ಕೂರಿಸಿ, ಅದೇ ಆಲಿಕೆ. ಬಾಟಲಿಯ ತಳ ಏರುತಗ್ಗು ಇರುತ್ತದೆ. ಹಾಗಾಗಿ ಹರಳು ಹಾಕಿ, ಗೋಡೆ ನೇರವಾಗುವ ತನಕ ನೀರು ತುಂಬಿ, ಅಲ್ಲಿ ಸೊನ್ನೆ ಗೆರೆ ಎಳೆಯಿರಿ. ಅಲ್ಲಿಂದ ಮೇಲಕ್ಕೆ ಸ್ಕೇಲಿನ ಮಿಲಿಮೀಟರ್ ಅಂಟಿಸಿ. ಮರ, ಗೋಡೆಯಿಂದ ದೂರ ಬಯಲಲ್ಲಿ ಇಡಿ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಬರೆದುಕೊಂಡು ನೀರನ್ನು ಮತ್ತೆ ಸೊನ್ನೆಗೆ ತರಬೇಕು. ಬಿಸಿಲಿಗೆ ನೀರು ಆರಿ ಗೆರೆಗಿಂತ ಕೆಳಗೆ ಹೋಗಿದ್ದರೆ ತುಂಬಿಸಬೇಕು. ಪಕ್ಕದ ಕಾಲಂನಲ್ಲಿ ಅಜ್ಜಿ ಹೇಳುವ ಮಳೆಯ ಹೆಸರು: ಭರಣಿ, ಮೃಗಶಿರ, ಆರಿದ್ರ.

ಚಳ್ಳಕೆರೆಯ ಒಬ್ಬ ಮೇಷ್ಟ್ರು "ನಮ್ಮಲ್ಲಿ ಮಳೆಯೇ ಇಲ್ಲ, ಏನು ಅಳೆಯೋದು?" ಅಂದರು. ದಿನಾ ಸೊನ್ನೆ ಬರೆಸಿ ಸರ್. ಇಪ್ಪತ್ತು ಸೊನ್ನೆ ಆದ ಮೇಲೆ ಬರುವ ಒಂದು 12ಕ್ಕೆ ಮಕ್ಕಳು ಹೇಗೆ ಕುಣಿಯುತ್ತಾರೆ ನೋಡಿ.

"ಕೋಟೆಗೆ ಕರ್ಕೊಂಡು ಹೋದ್ರೆ ಸುಮ್ನೆ ಓಡಾಡಿ ಫೋಟೋ ತೆಗೆಸಿಕೊಂಡು ಬರೋದೇ ಆಗುತ್ತೆ."

ಎಲ್ಲವನ್ನೂ ತೋರಿಸಲು ಹೋಗುವುದರಿಂದ ಹಾಗಾಗುತ್ತದೆ. ಒಂದೇ ಪ್ರಶ್ನೆ ಹಿಡಿದು ಹೋಗಿ. ನನ್ನ ಪ್ರಶ್ನೆ: "ಬಂಡೆ ಮೇಲೆ ಇಷ್ಟು ಜನ ಇದ್ರಲ್ಲ, ನೀರು ಎಲ್ಲಿಂದ?" ಗೋಪಾಲಸ್ವಾಮಿ ಹೊಂಡದ ದಡದಲ್ಲಿ ಕೂರಿಸಿ, ಮಳೆ ನೀರು ಯಾವ ಕಡೆಯಿಂದ ಇಳಿದು ಬರಬಹುದು ಅಂತ ಕೈ ಮಾಡಿ ತೋರಿಸಲು ಹೇಳಿ. ತುಂಬಿದ ಮೇಲೆ ಎಲ್ಲಿಗೆ ಹೋಗುತ್ತದೆ? ಅಲ್ಲಿಂದ ಅಕ್ಕ-ತಂಗಿ ಹೊಂಡ, ಇಳಿದು ಬಂದು ಊರೊಳಗೆ ಸಿಹಿನೀರು ಹೊಂಡ, ಸಂತೆ ಹೊಂಡ. ಮಕ್ಕಳು ನಡೆದ ದಾರಿಯನ್ನೇ ನಕ್ಷೆಯಾಗಿ ಬರೆಯಲಿ, ಹೊಂಡಗಳಿಗೆ ನೀಲಿ ಬಣ್ಣ. ಐದನೆಯವರಿಗೆ ಚಂದ್ರವಳ್ಳಿಗೂ ಹೋಗಲು ಹೊತ್ತಿದ್ದರೆ ಕದಂಬರ ಮಯೂರಶರ್ಮನ ಶಾಸನ ತೋರಿಸಿ. ಅದೂ ಕೆರೆ ಕಟ್ಟಿಸಿದ ವಿಷಯವೇ. ದಾರ ಒಂದೇ ಆಯಿತು ನೋಡಿ.

ಓಬವ್ವನ ಕಿಂಡಿ ತೋರಿಸದೆ ಬಂದರೆ ಮಕ್ಕಳು ಬಿಡುವುದಿಲ್ಲ, ಅದು ಕೊನೆಗಿರಲಿ. ತಿಂಡಿ ಚೀಲ ಮಾತ್ರ ಕೆಳಗೇ ಖಾಲಿ ಮಾಡಿಸಿ. ಮಂಗಗಳಿಗೆ ನಮ್ಮ ಟೈಮ್‌ಟೇಬಲ್ ಗೊತ್ತಿದೆ.

"ಮಕ್ಕಳ ಸಂತೆ ಮಾಡಿದ್ರೆ ದೊಡ್ಡವರೇ ವ್ಯಾಪಾರ ಮಾಡ್ತಾರೆ."

ತೂಕ, ಚಿಲ್ಲರೆ ಎರಡೂ ಮಕ್ಕಳ ಕೈಲೇ ಅಂತ ಮೊದಲೇ ಹೇಳಿ. ದೊಡ್ಡವರು ಬೇಕಂತಲೇ ಹೆಚ್ಚು ದುಡ್ಡು ಕೊಟ್ಟು ಚಿಲ್ಲರೆ ಕೇಳಲಿ. ಮರುದಿನ ಲಾಭ ನಷ್ಟ ಬರೆಯದಿದ್ದರೆ ಅದು ಬರೀ ಜಾತ್ರೆ.

## ಕಷ್ಟದವು

"ನಾನೊಬ್ಬಳೇ. ಒಂದರಿಂದ ಐದು. ಈ ಚಟುವಟಿಕೆ ಎಲ್ಲ ನನಗೆ ಆಗುತ್ತಾ?"

ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಟೀಚರ್ ಇರಬೇಕು. ಅದನ್ನು ಬರೆದು ಕೇಳುತ್ತಲೇ ಇರಿ. ಅಲ್ಲಿಯವರೆಗೆ ಐದು ಪಾಠ ತಯಾರಿ ಮಾಡಬೇಡಿ, ಒಂದನ್ನೇ ಐದು ಮಟ್ಟಕ್ಕೆ ಮಾಡಿ.

ಅಂಗಳದ ಹುಣಸೆ ಮರವನ್ನೇ ತಗೊಳ್ಳಿ. ಎಲ್ಲರೂ ಅದರ ಕೆಳಗೆ. ಒಂದನೆಯವರು ಬಿದ್ದ ಎಲೆ, ಕಾಯಿ ಆರಿಸಿ ಹತ್ತರ ಗುಡ್ಡೆ ಮಾಡಲಿ. ಎರಡನೆಯವರು ಕಂಡದ್ದರ ಹೆಸರು ನೆಲದ ಮೇಲೆ ಬರೆಯಲಿ. ಮೂರನೆಯವರು ಕಾಂಡದ ಸುತ್ತಳತೆ ಎಷ್ಟು ಗೇಣು ಅಂತ ನೋಡಲಿ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಬಂದು ಜಗಳ ಆಗುತ್ತದೆ. ಆಗಲಿ. ಆ ಜಗಳ ಬಿಡಿಸಲು ನಾಲ್ಕನೆಯವರು ಹಗ್ಗ ಮತ್ತು ಟೇಪು ತರುತ್ತಾರೆ. ಐದನೆಯವರು ಹತ್ತು ಗಂಟೆಗೆ, ಹನ್ನೆರಡಕ್ಕೆ, ಮೂರಕ್ಕೆ ನೆರಳಿನ ಉದ್ದ ಅಳೆದು ಬರೆದು, ಯಾಕೆ ಬದಲಾಯಿತು ಅಂತ ನಾಲ್ಕು ಸಾಲು ಬರೆಯಲಿ. ನೀವು ಒಂದು ಗುಂಪಿನ ಹತ್ತಿರ ಹತ್ತು ನಿಮಿಷದ ಹಾಗೆ ಸುತ್ತುತ್ತಿರಿ.

ದೊಡ್ಡ ಮಕ್ಕಳನ್ನು ಚಿಕ್ಕವರಿಗೆ ಹಚ್ಚುವುದು ನಾವೆಲ್ಲ ಮಾಡುವುದೇ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಅದಕ್ಕಿಂತ ಜಾಸ್ತಿ ಆದರೆ ಆ ಐದನೇ ಕ್ಲಾಸಿನ ಹುಡುಗಿಯ ಓದು ನಮ್ಮಿಂದ ಹೋಯಿತು ಅಂತಲೇ ಲೆಕ್ಕ.

"ಒಂದು ಮಗು ಏನು ಮಾಡಿದ್ರೂ ಹಿಂದೆ. ದಡ್ಡ ಅಂತ ಎಲ್ಲರೂ ಕೈಬಿಟ್ಟಿದ್ದಾರೆ."

ಮೊದಲು ಕಣ್ಣು ನೋಡಿ. ಬೋರ್ಡಿನಿಂದ ತಪ್ಪಾಗಿ ಬರೆದುಕೊಂಡು, ಪುಸ್ತಕದಿಂದ ಸರಿಯಾಗಿ ಬರೆದರೆ ದೂರ ಕಾಣುತ್ತಿಲ್ಲ. ಆಮೇಲೆ ಕಿವಿ. ಬೆನ್ನ ಹಿಂದೆ ನಿಂತು ಮೆಲ್ಲಗೆ ಕರೆಯಿರಿ, ಮನೆಯ ಹೆಸರಿನಲ್ಲಿ. ಅನುಮಾನ ಬಂದರೆ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ಡಾಕ್ಟರ್ ತಂಡ ಶಾಲೆಗೆ ಬಂದಾಗ ಆ ಮಗುವನ್ನೇ ಮುಂದೆ ನಿಲ್ಲಿಸಿ, ಬಿಆರ್‌ಸಿಯ ಬಿಐಇಆರ್‌ಟಿ (ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಟೀಚರ್) ಅವರಿಗೂ ಹೇಳಿ. ಎರಡೂ ಸರಿ ಇದ್ದರೆ ಮಗು ಎಲ್ಲಿ ನಿಂತಿದೆಯೋ ಆ ಮೆಟ್ಟಿಲಿಗೆ ಇಳಿಯಿರಿ. ನಾಲ್ಕನೇ ಕ್ಲಾಸಾದರೂ ರ ಗ ಸ ದ ಅ ಮುಚ್ಚಳ ಕೊಡಿ, ಆದರೆ ಪ್ರತ್ಯೇಕವಾಗಿ, ಚಿಕ್ಕ ಮಕ್ಕಳ ನಡುವೆ ಕೂರಿಸಿ ಅಲ್ಲ. ಅವಮಾನ ಆದರೆ ಮರುದಿನ ಬರುವುದಿಲ್ಲ.

"ಈ ಟೀಚರ್ ಆಟ ಆಡಿಸ್ತಾರೆ, ಪಾಠ ಮಾಡಲ್ಲ ಅಂತ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಸಮಿತಿಯಲ್ಲಿ) ದೂರು ಹೇಳಿದ್ರು."

ವಾದ ಮಾಡಬೇಡಿ. ಒಂದು ಶನಿವಾರ ಅವರನ್ನೂ ಕರೆದು ಚೌಕಾಬಾರ ಹಾಕಿ ಮಕ್ಕಳ ಜೊತೆ ಆಡಿಸಿ. ಇನ್ನೆಷ್ಟು ಮನೆ, ಎಷ್ಟು ಬಿದ್ದರೆ ಕಾಯಿ ಹೊಡೆಯಬಹುದು ಅಂತ ಮಗು ತಟ್ಟನೆ ಹೇಳುವುದನ್ನು ಅವರೇ ನೋಡುತ್ತಾರೆ. ನೋಟ್‌ಬುಕ್ಕಿನಲ್ಲೂ ದಿನಾ ನಾಲ್ಕು ಸಾಲು ಬರೆಸಿ. ತಂದೆತಾಯಿ ಸಂಜೆ ತೆರೆದು ನೋಡುವುದು ಅದನ್ನೇ, ಅದರಲ್ಲಿ ತಪ್ಪಿಲ್ಲ ಅಲ್ವಾ?

"ನೀವು ಮಾಡಿದ್ದರಲ್ಲಿ ಕೆಟ್ಟುಹೋಗಿದ್ದು ಯಾವುದೂ ಇಲ್ವಾ ಮೇಡಂ?"

ಬೇಕಾದಷ್ಟಿವೆ. ಒಂದು ಸಲ ದಾವಣಗೆರೆ ಕಡೆಯಿಂದ ಒಳ್ಳೆ ಮೆಕ್ಕೆಜೋಳ ತಂದು, ಮಕ್ಕಳ ಕೈಯಲ್ಲಿ ರಟ್ಟಿನ ಮೇಲೆ ಕಾಳು ಅಂಟಿಸಿ ಪೂರ್ತಿ ವರ್ಣಮಾಲೆ ಮಾಡಿಸಿದೆ. ಬೆರಳಾಡಿಸಿದರೆ ಅಕ್ಷರದ ತಿರುವು ಗೊತ್ತಾಗಲಿ ಅಂತ. ಅಂಟಿಗೆ ಮನೆಯಿಂದ ಮೈದಾ ಗಂಜಿ ಕಾಯಿಸಿಕೊಂಡು ಹೋಗಿದ್ದೆ. ಗೋಡೆಯುದ್ದಕ್ಕೂ ನಿಲ್ಲಿಸಿ, ಶನಿವಾರ ಬೀಗ ಹಾಕಿ ಬಂದೆ. ಸೋಮವಾರ ಬಾಗಿಲು ತೆಗೆದರೆ ಇಲಿಗಳು ಕಾಳು, ಗಂಜಿ ಎರಡನ್ನೂ ಬಿಡದೆ ಅ ಇಂದ ಳ ವರೆಗೆ ಮುಗಿಸಿದ್ದವು. ಙ ಒಂದು ಮಾತ್ರ ಹಾಗೇ ಇತ್ತು.